ಒಬ್ಬ ನಟ, ಹಲವು ಬೀಗದ ಕೈ

ಪ್ರಶ್ನೆ: ಕ್ಯಾರಿ ಗ್ರಾಂಟ್ ಅವರ ಅಷ್ಟಾಗಿ ಹೆಸರಾಗದ ಸಿನಿಮಾಗಳೆಲ್ಲ ಒಂದೇ ಡಿವಿಡಿ ಸೆಟ್ಟಿನಲ್ಲಿ ಯಾಕೆ ಸಿಗುವುದಿಲ್ಲ?

ಉತ್ತರ: ಚಿತ್ರದ ಹಕ್ಕು ಸಾಮಾನ್ಯವಾಗಿ ಇರುವುದು ನಟನ ಬಳಿಯಲ್ಲ, ಸ್ಟುಡಿಯೋ ಬಳಿ. ಗ್ರಾಂಟ್ 1932ರಲ್ಲಿ ಪ್ಯಾರಾಮೌಂಟ್‌ನಲ್ಲಿ ಆರಂಭಿಸಿದರು. ಅದರ ಹಳೆಯ ಸುಮಾರು 700 ಚಿತ್ರಗಳನ್ನು 1958ರಲ್ಲಿ ಎಂಸಿಎ ಕಂಪನಿ ಕೊಂಡಿತು. ಅವು ಈಗ ಯೂನಿವರ್ಸಲ್ ಪಾಲು. ಆರ್‌ಕೆಓ ಸ್ಟುಡಿಯೋದಲ್ಲಿ ಮಾಡಿದವುಗಳಲ್ಲಿ ಹೆಚ್ಚಿನವು ವಾರ್ನರ್ ಕೈಸೇರಿವೆ. 1941ರ ‘ಪೆನ್ನಿ ಸೆರೆನೇಡ್’ ಕಥೆಯೇ ಬೇರೆ: 28 ವರ್ಷವಾದಾಗ ಹಕ್ಕುಸ್ವಾಮ್ಯ ನವೀಕರಿಸದ್ದರಿಂದ ಅಮೆರಿಕದಲ್ಲಿ ಯಾರು ಬೇಕಾದರೂ ಡಿಸ್ಕ್ ಮಾಡಿ ಮಾರಬಹುದಾಯಿತು. ಮಸುಕು ಪ್ರತಿಗಳು ಬಹಳ, ನೋಡಿ ಕೊಳ್ಳಿ.

ನನ್ನನ್ನು ಕೇಳಿದರೆ, 1944ರ ‘ನನ್ ಬಟ್ ದ ಲೋನ್ಲಿ ಹಾರ್ಟ್’ ಮೊದಲು ಹುಡುಕಿ. ಸೂಟುಬೂಟಿನ ಗ್ರಾಂಟ್ ಅಲ್ಲಿಲ್ಲ. ಲಂಡನ್ನಿನ ಬಡ ಕೇರಿಯ ಅಲೆಮಾರಿ ಮಗ, ಕಾಯಿಲೆಯ ತಾಯಿ. ನಟನೆಗಾಗಿ ಗ್ರಾಂಟ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಇದಕ್ಕೆ ಮತ್ತು ‘ಪೆನ್ನಿ ಸೆರೆನೇಡ್’ಗೆ, ಈ ಎರಡು ಚಿತ್ರಗಳಿಗೇ.