ಮರಳಿ ಕಟ್ಟಿದ ಗೆಜ್ಜೆ

ವಿಪತ್ತು ಹೇಳಿ ಕೇಳಿ ಬರುವುದಿಲ್ಲ. ಗಾಯಕನಿಗೆ ಕಂಠವೂ, ಶಿಲ್ಪಿಗೆ ಕೈಯೂ, ನರ್ತಕಿಗೆ ಕಾಲೂ ಹೋದರಂತೂ ಬಾಳಿನ ಆಧಾರವೇ ಕುಸಿದಂತಾಗುವುದು. ಅಂತಹ ನಷ್ಟವನ್ನು ಗೆದ್ದ ನರ್ತಕಿಯೊಬ್ಬರ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ಮುಂಬಯಿಯ ಸುಧಾ ಚಂದ್ರನ್ ಅವರು ಎಳೆವಯಸ್ಸಿನಿಂದಲೇ ಭರತನಾಟ್ಯವನ್ನು ಅಭ್ಯಸಿಸಿದವರು. 1981ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ತಂದೆತಾಯಿಗಳೊಡನೆ ತಮಿಳುನಾಡಿನಲ್ಲಿ ಪ್ರಯಾಣ ಮಾಡುತ್ತಿರಲು ಅವರಿದ್ದ ಬಸ್ಸು ಅಪಘಾತಕ್ಕೀಡಾಯಿತು. ಬಲಗಾಲಿನ ಗಾಯವು ಕೊಳೆತು ವಿಷವೇರತೊಡಗಲು, ಪ್ರಾಣವನ್ನುಳಿಸುವುದಕ್ಕಾಗಿ ವೈದ್ಯರು ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಕೃತಕ ಕಾಲುಗಳೇನೋ ಆಗಲೇ ಇದ್ದವು. ಆದರೆ ಪಾಶ್ಚಾತ್ಯ ಮಾದರಿಯವು ಬೂಟು ತೊಟ್ಟು ನಡೆಯುವವರಿಗಾಗಿ ರಚಿತವಾದವು. ನಮ್ಮವರಾದರೋ ಬರಿಗಾಲಿನಲ್ಲಿ ನಡೆಯುವವರು, ನೆಲದ ಮೇಲೆ ಕುಳಿತು ಉಣ್ಣುವವರು, ಕೆಸರುಗದ್ದೆಗೆ ಇಳಿಯುವವರು. ಈ ಕೊರತೆಯನ್ನು ಮನಗಂಡು ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮರೂ ವೈದ್ಯ ಪ್ರಮೋದ ಕರಣ ಸೇಠಿಯವರೂ 1960ರ ದಶಕದ ಕೊನೆಯಲ್ಲಿ ರಬ್ಬರು ಮತ್ತು ಮರದಿಂದ ಪಾದವೊಂದನ್ನು ನಿರ್ಮಿಸಿದರು. ನೋಟಕ್ಕೆ ಅದು ಮನುಷ್ಯನ ಪಾದದಂತೆಯೇ ಕಾಣುವುದು, ಸುಲಭವಾಗಿ ಬಾಗುವುದು, ಪಾದರಕ್ಷೆಯನ್ನು ಬೇಡದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಪತ್ರಿಕೆಯೊಂದರಲ್ಲಿ ಈ ಪಾದದ ಸಂಗತಿಯನ್ನು ಓದಿ ಸುಧಾ ಅವರು ಜಯಪುರಕ್ಕೆ ಹೋದರು.

ಪಾದ ದೊರೆತ ಮಾತ್ರಕ್ಕೆ ನೃತ್ಯ ಕೈಗೂಡಲಿಲ್ಲ. ಅರಮಂಡಿಯಲ್ಲಿ ನಿಂತು ಅಡವುಗಳನ್ನು ತುಳಿಯುವಾಗ ದೇಹದ ಭಾರವೆಲ್ಲ ಮೊಣಕಾಲಿಗೂ ಪಾದಕ್ಕೂ ಬೀಳುವುದು. ನೆಲದ ಸ್ಪರ್ಶವನ್ನೇ ಅರಿಯದ ಪಾದದಿಂದ, ತಾಳ ತಪ್ಪದಂತೆ ತಟ್ಟುವುದನ್ನು ಅವರು ಮೊದಲಿನಿಂದ ಕಲಿಯಬೇಕಾಯಿತು. ಉಳಿದ ಕಾಲಿನ ತುದಿಯು ಕೃತಕ ಕಾಲಿಗೆ ಉಜ್ಜಿ ರಕ್ತ ಒಸರಿತು, ಅಭ್ಯಾಸ ನಿಲ್ಲಲಿಲ್ಲ. 1984ರಲ್ಲಿ ಮುಂಬಯಿಯ ರಂಗಸ್ಥಳದ ಮೇಲೆ ಅವರು ಮರಳಿ ಗೆಜ್ಜೆ ಕಟ್ಟಿದರು. 1985ರಲ್ಲಿ, ತಮ್ಮ ಜೀವನವನ್ನೇ ಆಧರಿಸಿದ ‘ಮಯೂರಿ’ ಎಂಬ ತೆಲುಗು ಚಲನಚಿತ್ರದಲ್ಲಿ ತಾವೇ ಅಭಿನಯಿಸಿ, ಅದಕ್ಕಾಗಿ ರಾಷ್ಟ್ರಪ್ರಶಸ್ತಿಗೂ ಪಾತ್ರರಾದರು.

ಇಂತಹ ವೃತ್ತಾಂತವನ್ನು ಕೇಳಿ, ಧೈರ್ಯವೊಂದಿದ್ದರೆ ಸಾಕೆಂದು ಹೇಳುವುದು ಸುಲಭ. ಆದರೆ ಆ ಧೈರ್ಯದ ಹಿಂದೆ ಕೈಬಿಡದ ತಂದೆತಾಯಿಗಳೂ, ನಮ್ಮ ಜನರ ಬಾಳ್ವೆಯ ರೀತಿಯನ್ನರಿತು ದುಡಿದ ಕುಶಲಕರ್ಮಿಯೂ ಇದ್ದರೆಂಬುದನ್ನು ಮರೆಯಲಾಗದು. ಕೈಕಾಲಿಗೆ ಊನವೊದಗಿದ ಮಗುವಿರುವ ಮನೆಯಲ್ಲಿ, “ಇನ್ನು ನಿನ್ನಿಂದಾಗದು” ಎಂಬ ಮಾತು ಹಿರಿಯರ ಬಾಯಿಗೆ ಬಂದಾಗ, ಅದನ್ನು ಆಡದೆ ಒಂದು ಗಳಿಗೆ ತಡೆದರೆ ಮಗುವಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲವೆಂದು ನಾವು ನಂಬುತ್ತೇವೆ.