ಬೇಟೆಯ ಪರವಾನಗಿಯೂ ಹಾವಿನ ನಂಜೂ

ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ನಮಗೆ ವಿಚಿತ್ರವೆನಿಸುವ ಪದ್ಧತಿಯೊಂದುಂಟು. ಗುಣವಾಗದ ಕಾಯಿಲೆಯಿಂದ ನರಳುವ ಮಕ್ಕಳಿಗೂ ಯುದ್ಧದಲ್ಲಿ ಅಂಗಹೀನರಾದ ಯೋಧರಿಗೂ ಅಲ್ಲಿ ಬೇಟೆಯಾಡಲು ವಿಶೇಷ ಪರವಾನಗಿಗಳನ್ನು ಕೊಡುವುದುಂಟು. ಕೆಲವೆಡೆ ಶುಲ್ಕದಲ್ಲಿ ರಿಯಾಯಿತಿ. ಕೆಲವೆಡೆ ನಿಂತ ವಾಹನದಲ್ಲಿ ಕುಳಿತೇ ಗುಂಡು ಹಾರಿಸಲು ಒಪ್ಪಿಗೆ. ಮತ್ತೆ ಕೆಲವೆಡೆ ಇವರಿಗೆಂದೇ ಮೀಸಲಾದ ದಿನಗಳು. ಆ ದೇಶದಲ್ಲಿ ಜಿಂಕೆಗಳು ಹೇರಳ. ಬೇಟೆ ಒಂದು ಕ್ರೀಡೆ. 1937ರ ಕಾನೂನೊಂದರಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣ ವನ್ಯಜೀವಿಗಳ ಪಾಲನೆಗೇ ಸಲ್ಲುತ್ತದೆ. ಆದುದರಿಂದ ಬೇಟೆಗಾರನನ್ನು ಅಲ್ಲಿಯ ಜನ ಕಾಡಿನ ಶತ್ರುವೆಂದು ಬಗೆಯುವುದಿಲ್ಲ.

ಇಂಥ ಪರವಾನಗಿ ನಮ್ಮಲ್ಲಿಯೂ ದೊರೆಯುವುದೇ? ಬೇಟೆಗೆ ಹೆಸರಾದ ನಮ್ಮದೇ ಒಂದು ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಬೇಡರ ಸೀಮೆ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಬಂಡೆಗುಡ್ಡಗಳ ಸೀಮೆ. ಗುಡ್ಡಗಳ ಕೆಳಗೆ ಕೃಷ್ಣಾ, ಭೀಮಾ ನದಿಗಳು ಹಾಯುವ ಕಪ್ಪು ನೆಲ. ತೊಗರಿ, ಹತ್ತಿ, ಜೋಳದ ಹೊಲಗಳು. ಈಚಿನ ದಶಕಗಳಲ್ಲಿ ನಾರಾಯಣಪುರದ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಸುರಪುರವನ್ನು ಆಳಿದವರು ಬೇಡ ನಾಯಕರು. ಬೇಡನೆಂದರೆ ಬೇಟೆಗಾರನೆಂದೇ ಅರ್ಥ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ಮೇಲೆ ಎದ್ದು ಮಡಿದ ಬಳಿಕ ಸಂಸ್ಥಾನವಳಿಯಿತು. 1860ರಲ್ಲಿ ಸೀಮೆ ನಿಜಾಮನ ಕೈಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಕೂಡಿತು.

ದೊರೆಗಳು ಬದಲಾದಂತೆ ಬೇಟೆಯ ಕಟ್ಟಳೆಗಳೂ ಬದಲಾದವು. ಸ್ವತಂತ್ರ ಭಾರತದ ವನ್ಯಜೀವಿ ಸಂರಕ್ಷಣಾ ಕಾನೂನು ಹುಟ್ಟಿದ್ದು 1972ರಲ್ಲಿ. ಮೊದಲಲ್ಲಿ ಅದು ಬೇಟೆಯನ್ನು ಪೂರ್ತಿಯಾಗಿ ನಿಲ್ಲಿಸಿರಲಿಲ್ಲ. ಸಣ್ಣ ಬೇಟೆ, ದೊಡ್ಡ ಬೇಟೆ, ವಿಶೇಷ ಬೇಟೆ, ಬಲೆ ಒಡ್ಡುವುದು—ಹೀಗೆ ನಾಲ್ಕು ಬಗೆಯ ಪರವಾನಗಿಗಳಿದ್ದವು. 1991ರ ತಿದ್ದುಪಡಿ ಅವನ್ನೆಲ್ಲ ತೆಗೆದುಹಾಕಿತು. ಅಂದಿನಿಂದ ವಿನೋದಕ್ಕಾಗಿ ಬೇಟೆಯಾಡುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಗಟ್ಟಿಮುಟ್ಟಾದವನಿಗೂ ಇಲ್ಲ, ರೋಗಿಗೂ ಇಲ್ಲ, ಯೋಧನಿಗೂ ಇಲ್ಲ.

ಕಾನೂನು ಕೇಳುವ ಪ್ರಶ್ನೆ

ಹಾಗೆಂದು ನಮ್ಮ ಕಾನೂನು ರೋಗವನ್ನೂ ಅಂಗವೈಕಲ್ಯವನ್ನೂ ಲೆಕ್ಕಿಸುವುದಿಲ್ಲವೆನ್ನಲಾಗದು. ಲೆಕ್ಕಿಸುತ್ತದೆ, ಆದರೆ ಬೇಟೆಗಾರನದನ್ನಲ್ಲ, ಪ್ರಾಣಿಯದನ್ನು! ಕಾನೂನಿನ 11ನೆಯ ವಿಧಿಯಂತೆ, ಮೊದಲ ಪಟ್ಟಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದ್ದರೆ, ಇಲ್ಲವೇ ಚೇತರಿಸಿಕೊಳ್ಳಲಾರದಷ್ಟು ಅಂಗಹೀನವೋ ರೋಗಪೀಡಿತವೋ ಆಗಿದ್ದರೆ, ಅದರ ಬೇಟೆಗೆ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅನುಮತಿ ಕೊಡಬಹುದು. ಅನುಮತಿ ಬರವಣಿಗೆಯಲ್ಲಿರಬೇಕು, ಕಾರಣವನ್ನೂ ಕಾಣಿಸಬೇಕು. ಹಿಡಿಯಲು, ಮಂಪರು ಬರಿಸಲು, ಬೇರೆಡೆಗೆ ಸಾಗಿಸಲು ಆಗದೆಂದು ಮನದಟ್ಟಾದ ಮೇಲೆಯೇ ಕೊಲ್ಲುವ ಮಾತು.

ಇದಲ್ಲದೆ 12ನೆಯ ವಿಧಿಯಲ್ಲಿ ‘ವಿಶೇಷ ಉದ್ದೇಶ’ದ ಪರವಾನಗಿಗಳುಂಟು. ಶಿಕ್ಷಣ, ವೈಜ್ಞಾನಿಕ ಸಂಶೋಧನೆ, ಮೃಗಾಲಯ ಮತ್ತು ವಸ್ತುಸಂಗ್ರಹಾಲಯಗಳಿಗೆ ಬೇಕಾದ ಸಂಗ್ರಹ, ಇವುಗಳ ಸಾಲಿನಲ್ಲಿ ಓದುಗರು ಊಹಿಸದ ಇನ್ನೊಂದು ಸಂಗತಿಯಿದೆ: ಜೀವ ಉಳಿಸುವ ಔಷಧಿಗಾಗಿ ಹಾವಿನ ವಿಷವನ್ನು ತೆಗೆಯುವುದು. ಕಾನೂನಿನ ಭಾಷೆಯಲ್ಲಿ ‘ಬೇಟೆ’ಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಆದುದರಿಂದ ಹಾವು ಹಿಡಿಯುವವನಿಗೂ ಪರವಾನಗಿ ಬೇಕು. ಅಪಾಯದಲ್ಲಿರುವ ಮಗುವಿಗೆ ನೇರವಾಗಿ ನೆರವಾಗುವ ಬೇಟೆ ನಮ್ಮ ನಾಡಿನಲ್ಲಿ ಇದೊಂದೇ ಎನ್ನಬಹುದು.

ನಂಜಿನಿಂದಲೇ ಮದ್ದು

ಭಾರತದಲ್ಲಿ ಹಾವು ಕಚ್ಚಿ ಸಾಯುವವರ ಸಂಖ್ಯೆ ಸಣ್ಣದಲ್ಲ. 2000ದಿಂದ 2019ರವರೆಗಿನ ಅಂದಾಜಿನಂತೆ ಅದು ವರ್ಷಕ್ಕೆ ಸರಾಸರಿ 58,000. ಸತ್ತವರಲ್ಲಿ ಹಳ್ಳಿಗರೇ ಹೆಚ್ಚು. ಇದಕ್ಕೆ ಮುಖ್ಯ ಕಾರಣವಾದ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಗರಗಸಮಂಡಲಕ್ಕೆ ಒಣ ನೆಲ, ಕಲ್ಲುಸಂದು ಪ್ರಿಯ. ಸುರಪುರ ಸೀಮೆಯಲ್ಲಿ ಇವಕ್ಕೇನು ಕೊರತೆ? ಗದ್ದೆಯಿರುವಲ್ಲಿ ಇಲಿ, ಇಲಿಯಿರುವಲ್ಲಿ ಹಾವು ಎಂಬುದನ್ನೂ ಮರೆಯುವಂತಿಲ್ಲ.

ಹಿಡಿದ ಹಾವಿನ ಹಲ್ಲನ್ನು ಪಾತ್ರೆಯ ಅಂಚಿಗೊತ್ತಿ ವಿಷವನ್ನು ತೆಗೆದು ಒಣಗಿಸುತ್ತಾರೆ. ಬಳಿಕ ಅದನ್ನು ಕುದುರೆಗೆ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಕ್ರಮಕ್ರಮವಾಗಿ ಪ್ರಮಾಣವನ್ನು ಏರಿಸುತ್ತಾರೆ. ಕುದುರೆಯ ಶರೀರವು ವಿಷವನ್ನು ಎದುರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಟ್ಟಿಸಿಕೊಳ್ಳುತ್ತದೆ. ಕುದುರೆಯ ಜೀವಕ್ಕೆ ಕುಂದು ಬಾರದಂತೆ ಸ್ವಲ್ಪ ರಕ್ತವನ್ನು ತೆಗೆದು, ಅದರಲ್ಲಿನ ಪ್ರತಿಕಾಯಗಳನ್ನು ಬೇರ್ಪಡಿಸಿ ಶುದ್ಧಿಗೊಳಿಸಿದರೆ ಅದೇ ಪ್ರತಿವಿಷ. ನಮ್ಮಲ್ಲಿ ಬಳಸುವುದು ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಸಲ್ಲುವ ಒಂದೇ ಮದ್ದು.

ಇಲ್ಲೊಂದು ಸ್ವಾರಸ್ಯವುಂಟು. ಉಳಿದ ಔಷಧಿಗಳನ್ನು ಮಕ್ಕಳಿಗೆ ಕಡಮೆ ಪ್ರಮಾಣದಲ್ಲಿ ಕೊಡುವುದು ವಾಡಿಕೆ. ಪ್ರತಿವಿಷದ ಲೆಕ್ಕ ಹಾಗಲ್ಲ. ಹಾವು ಮಗುವೆಂದು ವಿಷವನ್ನು ಕಡಮೆ ಮಾಡಿ ಕಚ್ಚುವುದಿಲ್ಲವಷ್ಟೆ! ಒಳಹೊಕ್ಕ ನಂಜಿಗೆ ತಕ್ಕಂತೆ ಮದ್ದು ಬೇಕಾದುದರಿಂದ ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷವನ್ನು ಕೊಡಬೇಕು. ಚಿಕ್ಕ ಶರೀರದಲ್ಲಿ ಅಷ್ಟೇ ನಂಜು ಹರಡುವುದರಿಂದ ಅಪಾಯ ಮಾತ್ರ ಹೆಚ್ಚು.

ಬೇಟೆಗಾರರ ಹೊಸ ಕಸುಬು

ಈ ವಿಷವನ್ನು ಒದಗಿಸುವವರು ಯಾರು? ಬಹುಪಾಲು ತಮಿಳುನಾಡಿನ ಇರುಳರು. ಹಿಂದೆ ಇವರು ಚರ್ಮಕ್ಕಾಗಿ ಹಾವುಗಳನ್ನು ಕೊಲ್ಲುತ್ತಿದ್ದರು. 1972ರ ಕಾನೂನಿನಿಂದ ಆ ವ್ಯಾಪಾರಕ್ಕೆ ತಡೆ ಬಿದ್ದಿತು. 1978ರಲ್ಲಿ ಅವರದೇ ಸಹಕಾರ ಸಂಘವೊಂದು ಚೆನ್ನೈ ಬಳಿ ಸ್ಥಾಪಿತವಾಯಿತು. ಪರವಾನಗಿಯಲ್ಲಿ ಕಾಣಿಸಿದಷ್ಟೇ ಹಾವುಗಳನ್ನು ಹಿಡಿದು, ಕೆಲವು ವಾರ ಇಟ್ಟುಕೊಂಡು, ಹಲವು ಬಾರಿ ವಿಷವನ್ನು ತೆಗೆದು, ಮತ್ತೆ ಹಿಡಿದಾಗ ಗೊತ್ತಾಗುವಂತೆ ಗುರುತುಮಾಡಿ, ಜೀವಂತವಾಗಿ ಬಿಟ್ಟುಬಿಡುತ್ತಾರೆ. ಬೇಟೆಯ ಜಾಣ್ಮೆ ಉಳಿಯಿತು, ಪ್ರಾಣಿಯೂ ಉಳಿಯಿತು.

ಆದರೆ ತೊಡಕೊಂದಿದೆ. ಒಂದೇ ಜಾತಿಯ ಹಾವಿನ ನಂಜು ಎಲ್ಲ ಸೀಮೆಗಳಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಒಂದು ಕಡೆಯ ವಿಷದಿಂದ ತಯಾರಿಸಿದ ಮದ್ದು ದೂರದ ಹಾವಿನ ನಂಜಿಗೆ ಅಷ್ಟು ಚೆನ್ನಾಗಿ ನಾಟದಿರಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ತೋರಿಸಿದ್ದಾರೆ. ಆದುದರಿಂದ ಬೇರೆ ಬೇರೆ ಸೀಮೆಗಳ ಹಾವುಗಳಿಂದಲೂ ವಿಷವನ್ನು ಸಂಗ್ರಹಿಸಬೇಕಾಗುತ್ತದೆ. ಅದಕ್ಕೂ ಬೇಕಾದುದು 12ನೆಯ ವಿಧಿಯ ಪರವಾನಗಿಯೇ. ಹಾವು ಮೊದಲ ಪಟ್ಟಿಯದಾದರೆ ಕೇಂದ್ರ ಸರಕಾರದ, ಅಲ್ಲವಾದರೆ ರಾಜ್ಯ ಸರಕಾರದ ಪೂರ್ವಾನುಮತಿ ಅಗತ್ಯ. ಹಾವನ್ನು ಕಾಯುವ ಬಿಗಿಯೂ ಮದ್ದಿನ ಅವಸರವೂ ಒಂದೇ ಕಾಗದದ ಮೇಲೆ ಸಂಧಿಸುತ್ತವೆ.

ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿತು. ಎಲ್ಲಿ ಎಷ್ಟು ಮಂದಿಗೆ ಕಚ್ಚಿತೆಂದು ತಿಳಿದರೆ ಮದ್ದನ್ನು ಎಲ್ಲಿ ಎಷ್ಟು ಇಡಬೇಕೆಂಬುದೂ ತಿಳಿಯುವುದು. ಆದರೆ ಆಸ್ಪತ್ರೆಯಲ್ಲಿರುವ ಸೀಸೆ ಹೊಲದಲ್ಲಿ ಬಿದ್ದಿರುವವನನ್ನು ಬದುಕಿಸದು. ಕಚ್ಚಿದ ಅಂಗವನ್ನು ಅಲುಗಿಸದಂತೆ ಇರಿಸಬೇಕು; ಬಿಗಿಯಾಗಿ ಕಟ್ಟಬಾರದು; ಕುಯ್ಯಬಾರದು; ಬಾಯಿಂದ ಹೀರಬಾರದು; ಮಂತ್ರ, ಬೇರುಗಳನ್ನು ನಂಬಿ ಹೊತ್ತು ಕಳೆಯದೆ ಆಸ್ಪತ್ರೆಗೆ ಸಾಗಿಸಬೇಕು. ಇಷ್ಟನ್ನು ಹಳ್ಳಿಯವರೆಲ್ಲ ಅರಿತಾಗಲೇ, ಎಲ್ಲೋ ಹಿಡಿದು ಬಿಟ್ಟ ಹಾವೊಂದರ ನಂಜು ಶಹಾಪುರದ ತೊಗರಿ ಹೊಲದ ಮಗುವೊಂದಕ್ಕೆ ಜೀವದಾನವಾಗಬಲ್ಲುದು.