ಪಹಣಿಯ ಗಣಕವೂ ಕ್ವಾಂಟಂ ಗಣಕವೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತರಿಗೆ ಗಣಕಯಂತ್ರವು ಮೊದಲು ಪರಿಚಯವಾದದ್ದು ಬಹುಮಟ್ಟಿಗೆ ಪಹಣಿಯ ಮೂಲಕವೇ ಎನ್ನಬಹುದು. ‘ಭೂಮಿ’ ಯೋಜನೆಯನ್ನು ಮೊದಮೊದಲು ಕಂಡ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ದಾಖಲೆಗಳು ರಾಜ್ಯದಾದ್ಯಂತ ಗಣಕಕ್ಕೇರಿದಾಗ ಅವುಗಳ ಸಂಖ್ಯೆ ಸುಮಾರು 2 ಕೋಟಿ.

ಈ ಗಣಕದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು ಎಲ್ಲವೂ ಸೊನ್ನೆ ಮತ್ತು ಒಂದುಗಳ ಸಾಲುಗಳೇ. ಪ್ರತಿಯೊಂದು ಬಿಟ್ ಯಾವುದೇ ಕ್ಷಣದಲ್ಲಿ ಇವೆರಡರಲ್ಲಿ ಒಂದಾಗಿರುತ್ತದೆ. ಕ್ವಾಂಟಂ ಗಣಕದ ಘಟಕವಾದ ಕ್ಯೂಬಿಟ್ ಅಳೆಯುವವರೆಗೂ ಎರಡೂ ಸ್ಥಿತಿಗಳ ಅಧ್ಯಾರೋಪಣದಲ್ಲಿರಬಲ್ಲದು. ಅಳೆದೊಡನೆ ಒಂದೇ ಉತ್ತರ ಉಳಿಯುತ್ತದೆ. ಆದ್ದರಿಂದ ‘ಎಲ್ಲ ಉತ್ತರಗಳನ್ನೂ ಒಮ್ಮೆಗೇ ನೀಡುವ ಯಂತ್ರ’ ಎಂಬ ಜನಪ್ರಿಯ ವರ್ಣನೆ ಸರಿಯಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಎರಡು ಅಲೆಗಳು ಎದುರಾದಾಗ ಉಬ್ಬಿಗೆ ಉಬ್ಬು ಸೇರಿದರೆ ಅಲೆ ಹಿರಿದಾಗುತ್ತದೆ, ಉಬ್ಬಿಗೆ ತಗ್ಗು ಸೇರಿದರೆ ಅಡಗುತ್ತದೆ. ತಪ್ಪು ಉತ್ತರಗಳು ಹೀಗೆ ಪರಸ್ಪರ ಅಡಗಿ, ಸರಿಯುತ್ತರವು ಬಲಗೊಳ್ಳುವಂತೆ ಲೆಕ್ಕವನ್ನು ಹೆಣೆಯುವುದರಲ್ಲಿಯೇ ಕ್ವಾಂಟಂ ಗಣನೆಯ ಮರ್ಮವಿದೆ. ಅಂಥ ಹೆಣಿಗೆ ಎಲ್ಲ ಸಮಸ್ಯೆಗಳಿಗೂ ಒದಗದು.

ಪಹಣಿ ಹುಡುಕುವ ಕೆಲಸವನ್ನೇ ನೋಡೋಣ. ಕ್ರಮವಾಗಿ ಜೋಡಿಸಿದ 2 ಕೋಟಿ ದಾಖಲೆಗಳಲ್ಲಿ ಬೇಕಾದುದನ್ನು ಸಾಮಾನ್ಯ ಗಣಕವು ಸುಮಾರು 25 ಹೋಲಿಕೆಗಳಲ್ಲಿ ಕಂಡುಹಿಡಿಯುತ್ತದೆ. ಕ್ರಮವೇ ಇಲ್ಲದಿದ್ದಲ್ಲಿ ಸರಾಸರಿ 1 ಕೋಟಿ ಬಾರಿ ನೋಡಬೇಕು. 1996ರಲ್ಲಿ ಲವ್ ಗ್ರೋವರ್ ರೂಪಿಸಿದ ವಿಧಾನಕ್ಕೆ ಸುಮಾರು 3,500 ಹೆಜ್ಜೆ ಸಾಕು. ಆದರೆ ದಾಖಲೆಗಳನ್ನು ಕ್ವಾಂಟಂ ಯಂತ್ರಕ್ಕೆ ಉಣಿಸುವುದಕ್ಕೇ ಒಮ್ಮೆ ಎಲ್ಲವನ್ನೂ ಓದಬೇಕಲ್ಲ! ತಾಲ್ಲೂಕು ಕಚೇರಿಗೆ ಇದರಿಂದ ಲಾಭವಿಲ್ಲ.

ನಿಜವಾದ ಪ್ರಶ್ನೆ ಸಹಿಯದು. ದಾಖಲೆಯ ಅಧಿಕೃತತೆಗೆ ಆಧಾರವಾದ ಡಿಜಿಟಲ್ ಸಹಿಯು, ಪ್ರಚಲಿತ ಪದ್ಧತಿಗಳಲ್ಲಿ, ಬೃಹತ್ ಸಂಖ್ಯೆಯ ಅಪವರ್ತನದಂಥ ಕಠಿಣ ಗಣಿತವನ್ನು ನೆಚ್ಚಿಕೊಂಡಿದೆ. 1994ರಲ್ಲಿ ಪೀಟರ್ ಶೋರ್ ತೋರಿಸಿದಂತೆ, ಸಾಕಷ್ಟು ದೊಡ್ಡ ಕ್ವಾಂಟಂ ಗಣಕಕ್ಕೆ ಅದು ಕಠಿಣವಲ್ಲ. ಅಂಥ ಯಂತ್ರವುಳ್ಳವನು ಅಧಿಕಾರಿಯ ಸಹಿಯನ್ನು ನಕಲು ಮಾಡಿ ಮಳವಳ್ಳಿಯ ಗದ್ದೆಯೊಂದಕ್ಕೆ ಬೇರೆ ಒಡೆಯನನ್ನು ತೋರಿಸುವ ಪಹಣಿಯನ್ನು ಸೃಷ್ಟಿಸಬಲ್ಲನು.

ಅದು ಇಂದಿನ ಮಾತಲ್ಲ. ಬೆಂಗಳೂರಿನ ಕ್ಯೂಪಿಎಐ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಯಂತ್ರದಲ್ಲಿದ್ದುದು 25 ಕ್ಯೂಬಿಟ್‌ಗಳು. ಇಂದಿನ 2048 ಬಿಟ್‌ನ ಆರ್‌ಎಸ್‌ಎ ಬೀಗವನ್ನು ಮುರಿಯಲು 2 ಕೋಟಿ ಬೇಕೆಂದು 2019ರಲ್ಲಿಯೂ, 10 ಲಕ್ಷಕ್ಕೂ ಕಡಿಮೆ ಸಾಕೆಂದು 2025ರಲ್ಲಿಯೂ ಅಂದಾಜಿಸಲಾಯಿತು. ಅಂದಾಜು ಇಳಿಯುತ್ತಿರುವ ವೇಗವೇ ಗಮನಾರ್ಹ. ಕ್ವಾಂಟಂ ಗಣಕಕ್ಕೂ ಜಗ್ಗದವೆಂದು ನಂಬಲಾದ ಹೊಸ ಸಹಿ ಪದ್ಧತಿಗಳ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಹೊರತಂದಿತು. ಅವು ನಡೆಯುವುದು ಸಾಮಾನ್ಯ ಗಣಕದಲ್ಲಿಯೇ. ತಾಲ್ಲೂಕು ಕಚೇರಿಯ ಯಂತ್ರವನ್ನು ಬದಲಿಸಬೇಕಿಲ್ಲ, ತಂತ್ರಾಂಶವನ್ನು ಬದಲಿಸಿದರಾಯಿತು.